ಸಂಸಾರಕ್ಕೊಂದು ಕಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಸಾಮಾನ್ಯ ಗೃಹಸ್ಥನಿಗೆ ಕಾರು ಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಬಂದಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ನಾವು 2023ರ ಕೊನೆಯಲ್ಲಿ ಮೈಸೂರಿನಲ್ಲಿ ಸಂಸಾರಕ್ಕೆಂದು ಒಂದು ಕಾರನ್ನು ಕೊಂಡೆವು. ಕೊಳ್ಳುವಾಗ ಕಂಡದ್ದು, ನಡೆಸುವಾಗ ಕಲಿತದ್ದು, ಒಂದು ಸಂಜೆ ಪೆಟ್ಟು ತಿಂದು ತಿಳಿದದ್ದು, ಈ ಮೂರನ್ನೂ ಇಲ್ಲಿ ನಿವೇದಿಸುತ್ತೇವೆ. ಕೊಳ್ಳಬೇಕೆಂದಿರುವವರಿಗೆ ಇದರಿಂದ ಸ್ವಲ್ಪ ಉಪಯೋಗವಾದೀತು. ಕೊಂಡಿರುವವರಿಗೆ ಇನ್ನೂ ಹೆಚ್ಚಿನ ಉಪಯೋಗವಾದೀತೆಂದು ನಮ್ಮ ನಂಬಿಕೆ.

ಮೊದಲು ಹೆಸರಿನ ವಿಚಾರ. ಮುಂದೆ ಇಂಜಿನ್ನಿಗೊಂದು ಪೆಟ್ಟಿಗೆ, ನಡುವೆ ಜನಕ್ಕೊಂದು ಪೆಟ್ಟಿಗೆ, ಹಿಂದೆ ಸಾಮಾನಿಗೊಂದು ಪೆಟ್ಟಿಗೆ, ಹೀಗೆ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಂತಿರುವ ಕಾರಿಗೆ ಸೆಡಾನ್ ಎಂದು ಹೆಸರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ಆಳುಗಳು ಕೋಲುಗಳ ಮೇಲೆ ಹೊರುತ್ತಿದ್ದ ಮುಚ್ಚಿದ ಕುರ್ಚಿಗೆ ಈ ಹೆಸರಿತ್ತು. ನಮ್ಮಲ್ಲಿ ಮೇನೆ ಎನ್ನುತ್ತಿದ್ದರಷ್ಟೆ, ಅದೇ ಜಾತಿಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಚ್ಚಿದ ಮೋಟಾರಿಗೆ ಅದೇ ಹೆಸರು ಸಂದಿತು. ಮೇನೆಯಲ್ಲಿ ಮುಖ್ಯರು ಯಾರು? ಒಳಗೆ ಕುಳಿತವರು. ಹೊರುವ ಬೋಯಿಗಳು ಎಷ್ಟು ಗಟ್ಟಿಗರಾದರೂ ಅವರ ಕೆಲಸ ಒಳಗಿನವರನ್ನು ಸುಖವಾಗಿ ಮುಟ್ಟಿಸುವುದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ನಾವು ಮುಂದೆ ಹೇಳತಕ್ಕದ್ದೆಲ್ಲ ಸುಲಭವಾಗಿ ತಿಳಿಯುವುದು.

ನಮ್ಮ ದೇಶದಲ್ಲಿ ಸಂಸಾರದ ಕಾರೆಂದರೆ ಬಹುಕಾಲ ಸೆಡಾನೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ಅಂಬಾಸಡರ್, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೆಚ್ಚು ಬದಲಾಗದೆ ಬಾಳಿತು. ಅದರ ಹಿಂದಣ ಆಸನದಲ್ಲಿ ಕುಳಿತವರು ಇಂದಿಗೂ ಅದನ್ನು ಮರೆತಿಲ್ಲ. ಎತ್ತರವಾದ ಪೀಠ, ಅಗಲವಾದ ಬಾಗಿಲು, ಕಾಲು ಚಾಚಲು ಅಂಕಣದಂತಹ ಸ್ಥಳ. ಅದರ ಗೇರು ಗಟ್ಟಿ, ಸ್ಟೀರಿಂಗು ಭಾರ. ನಡೆಸುವವನಿಗೆ ಕಷ್ಟ, ಕುಳಿತವರಿಗೆ ಸುಖ. ಈಚಿನ ಕಾರುಗಳಲ್ಲಿ ಈ ಲೆಕ್ಕ ಎಷ್ಟೋ ಕಡೆ ತಿರುಗುಮುರುಗಾಗಿದೆ.

ಇದಕ್ಕೆ ಒಂದು ಕಾರಣ ಅಳತೆಯ ಕಾನೂನು. ನಾಲ್ಕು ಮೀಟರಿಗಿಂತ ಗಿಡ್ಡವಾಗಿಯೂ ಪೆಟ್ರೋಲು ಇಂಜಿನ್ನು 1200 ಸಿಸಿ, ಡೀಸೆಲು ಇಂಜಿನ್ನು 1500 ಸಿಸಿ ಮೀರದೆಯೂ ಇರುವ ಕಾರುಗಳಿಗೆ 2006ರ ಬಜೆಟ್ಟಿನಿಂದ ಸುಂಕ ಕಡಮೆಯಾಯಿತು. ಆಗ ತಯಾರಕರು ಸೆಡಾನಿನ ಬಾಲವನ್ನು ಕತ್ತರಿಸಿ ಅದನ್ನೂ ಈ ಗೆರೆಯ ಒಳಕ್ಕೆ ತಂದರು. ಇಂದು ರಸ್ತೆಯಲ್ಲಿ ಕಾಣುವ ಗಿಡ್ಡ ಸೆಡಾನುಗಳ ಉದ್ದ 3,995 ಮಿಲಿಮೀಟರು. ಗೆರೆಗೆ ಐದೇ ಮಿಲಿಮೀಟರು ಕಡಮೆ! 2017ರಲ್ಲಿ ಜಿಎಸ್‌ಟಿ ಬಂದ ಮೇಲೂ ಈ ಭೇದ ಉಳಿಯಿತು. ನಾವು ಕೊಂಡಾಗ ಗಿಡ್ಡ ಪೆಟ್ರೋಲು ಕಾರಿಗೆ ಜಿಎಸ್‌ಟಿಯೂ ಸೆಸ್ಸೂ ಕೂಡಿ ನೂರಕ್ಕೆ 29, ಉದ್ದದ ಸೆಡಾನಿಗೆ 45 ಇದ್ದಿತು. 2025ರ ಸೆಪ್ಟೆಂಬರ್ 22ರಿಂದ ಇದು ಕ್ರಮವಾಗಿ 18 ಮತ್ತು 40 ಆಯಿತು. ಹೀಗೆ ಕಾರಿನ ಆಕಾರವನ್ನು ಶಿಲ್ಪಿಯೊಬ್ಬನೇ ತೀರ್ಮಾನಿಸುವುದಿಲ್ಲ. ತೆರಿಗೆಯ ಗುಮಾಸ್ತನೂ ಅರ್ಧ ಶಿಲ್ಪಿ.

ಈಚೆಗೆ ಜನರಿಗೆ ಎತ್ತರದ ಗಾಡಿಗಳ ಮೇಲೆ ಮೋಹ ಹೆಚ್ಚು. ನಮ್ಮ ಮಗನೂ ಅದನ್ನೇ ಹಿಡಿದು ಕುಳಿತನು. ನಾವು ಸೆಡಾನನ್ನು ಆರಿಸಿದ್ದಕ್ಕೆ ಕಾರಣಗಳಿದ್ದವು. ಒಂದನೆಯದು, ತಗ್ಗಾದ ಗಾಡಿಯ ಭಾರಕೇಂದ್ರ ನೆಲಕ್ಕೆ ಹತ್ತಿರವಾಗಿರುತ್ತದೆ. ಆದಕಾರಣ ತಿರುವಿನಲ್ಲಿ ಒಳಗಿನವರು ಅತ್ತಿತ್ತ ತೂಗಾಡುವುದು ಕಡಮೆ. ಎರಡನೆಯದು, ಗಾಳಿಗೆ ಒಡ್ಡುವ ಮೈ ಕಿರಿದು. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುವುದರಿಂದ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುವುದರಿಂದ, ದೂರದ ಪ್ರಯಾಣದಲ್ಲಿ ಪೆಟ್ರೋಲು ಉಳಿಯುತ್ತದೆ. ಮೂರನೆಯದೇ ನಮಗೆ ಮುಖ್ಯವಾದದ್ದು. ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ, ಮಂಡಿನೋವು. ಎರಡು ತಿಂಗಳಿಗೊಮ್ಮೆ ಅವರನ್ನು ಚಿಕಿತ್ಸೆಗೆ ಬೆಂಗಳೂರಿಗೆ ಕರೆದೊಯ್ಯಬೇಕು; ಜೊತೆಗೆ ಮಡಿಸುವ ಗಾಲಿಕುರ್ಚಿಯೊಂದು ಹೋಗಬೇಕು. ಅದಕ್ಕೆ ಬೇರೆಯಾದ ಡಿಕ್ಕಿ ಬೇಕು. ಎತ್ತರದ ಗಾಡಿಯ ಮೆಟ್ಟಿಲನ್ನು ಅವರು ಹತ್ತಲಾರರೆಂಬುದನ್ನು ಸ್ನೇಹಿತರೊಬ್ಬರ ಮನೆಯ ಮುಂದೆ ಒಮ್ಮೆ ಕಣ್ಣಾರೆ ಕಂಡಿದ್ದೆವು.

ಇಷ್ಟು ತಿಳಿದಿದ್ದರೂ ಷೋರೂಮಿಗೆ ಮೊದಲ ಸಲ ಹೋದಾಗ ನಾವು ಮಾಡಿದ್ದೇನು? ನೇರವಾಗಿ ಹೋಗಿ ಸ್ಟೀರಿಂಗಿನ ಮುಂದೆ ಕುಳಿತೆವು. ಎಲ್ಲರೂ ಮಾಡುವುದು ಅದೇ. ಅಲ್ಲಿನ ಹುಡುಗನು ಮುಂದಿದ್ದ ಪರದೆಯನ್ನು ತಟ್ಟಿ ತಟ್ಟಿ ನಕ್ಷೆ ತೋರಿಸಿದನು, ಹಾಡು ಕೇಳಿಸಿದನು. ಮನಸ್ಸು ಸೋತಿತು. ಮನೆಯಾಕೆ ಮಾತ್ರ, "ದುಡ್ಡು ಕೊಡುವವರು ಮುಂದೆ ಕೂತು ನೋಡಿದ್ದಾಯಿತು, ಕೂರಬೇಕಾದವರನ್ನು ಯಾವಾಗ ಕರೆತರುತ್ತೀರಿ?" ಎಂದರು. ಎರಡನೆಯ ಸಲ ತಾಯಿಯವರನ್ನೂ ಗಾಲಿಕುರ್ಚಿಯನ್ನೂ ಕರೆದುಕೊಂಡೇ ಹೋದೆವು.

ಆ ದಿನ ಕಲಿತದ್ದು ಯಾವ ಜಾಹೀರಾತಿನಲ್ಲೂ ಸಿಕ್ಕುವಂಥದಲ್ಲ. ನಾಲ್ಕೂವರೆ ಮೀಟರಿನ ಉದ್ದದ ಸೆಡಾನೊಂದು ನೋಡಲು ಬಹು ಚೆನ್ನಾಗಿತ್ತು. ಆದರೆ ಅಂದಕ್ಕಾಗಿ ಅದರ ಛಾವಣಿಯನ್ನು ಹಿಂದಕ್ಕೆ ಇಳಿಜಾರು ಮಾಡಿದ್ದರು. ತಾಯಿಯವರು ಒಳಗೆ ಹೋಗುವಾಗ ತಲೆ ತಗುಲಿತು; ಕುಳಿತ ಮೇಲೆ ಪೀಠ ತಗ್ಗಾಗಿ ಮಂಡಿಗಳು ಎದೆಯ ಹತ್ತಿರ ಬಂದವು. "ಇದು ಕೂರುವುದಕ್ಕೋ ಮಲಗುವುದಕ್ಕೋ ತಿಳಿಯುವುದಿಲ್ಲವಪ್ಪ" ಎಂದರು. ಗಿಡ್ಡ ಸೆಡಾನಿನಲ್ಲಿ ಕಾಲಿಗೆ ಸ್ಥಳ ಸ್ವಲ್ಪ ಕಡಮೆಯಾದರೂ ಛಾವಣಿ ನೆಟ್ಟಗಿತ್ತು, ಪೀಠ ಊಟದ ಮೇಜಿನ ಕುರ್ಚಿಗಿಂತ ಕೊಂಚವೇ ತಗ್ಗು, ಬಾಗಿಲು ಅಗಲವಾಗಿ ತೆರೆಯುತ್ತಿತ್ತು. ಹತ್ತುವ ಕ್ರಮವನ್ನೂ ಅಲ್ಲೇ ಕಂಡುಕೊಂಡೆವು. ಮಂಡಿನೋವಿರುವವರು ಮೊದಲು ಕಾಲನ್ನು ಒಳಗಿಡಬಾರದು. ಕಾರಿಗೆ ಬೆನ್ನುಮಾಡಿ ಮೊದಲು ಪೀಠದ ಅಂಚಿನಲ್ಲಿ ಕುಳಿತು, ಆಮೇಲೆ ಎರಡು ಕಾಲುಗಳನ್ನೂ ಜೊತೆಯಾಗಿ ಒಳಕ್ಕೆ ತಿರುಗಿಸಿಕೊಳ್ಳಬೇಕು. ಇಳಿಯುವಾಗ ಇದರ ತಿರುವು ಕ್ರಮ.

ಡಿಕ್ಕಿಯ ಗಾತ್ರವನ್ನು ಲೀಟರುಗಳಲ್ಲಿ ಹೇಳುತ್ತಾರೆ. ಆ ಅಂಕಿ ಒಳಗಿನ ಹೊಟ್ಟೆಯದು, ಬಾಯಿಯದಲ್ಲ. ಒಂದು ಕಾರಿನಲ್ಲಿ ಗಾಲಿಕುರ್ಚಿಗೆ ಒಳಗೆ ಬೇಕಾದಷ್ಟು ಸ್ಥಳವಿತ್ತು, ಹೋಗುವುದಕ್ಕೆ ದಾರಿ ಇರಲಿಲ್ಲ! ಆದ್ದರಿಂದ ನಿಮ್ಮ ಮನೆಯಲ್ಲಿ ದಿನವೂ ಹೋಗಬೇಕಾದ ವಸ್ತು ಯಾವುದೋ, ಗಾಲಿಕುರ್ಚಿಯೋ ಮಗುವಿನ ತೊಟ್ಟಿಲಗಾಡಿಯೋ ವೀಣೆಯೋ, ಅದನ್ನು ಒಯ್ದು ಇಟ್ಟೇ ನೋಡತಕ್ಕದ್ದು. ಸಿಎನ್‌ಜಿ ಅನಿಲದಲ್ಲಿ ಓಡುವ ಕಾರು ಖರ್ಚಿಗೆ ಹಗುರ, ನಿಜ. ಆದರೆ ನಾವು ನೋಡಿದ ಗಾಡಿಯಲ್ಲಿ ಸಿಲಿಂಡರು ಡಿಕ್ಕಿಯಲ್ಲೇ ಬೀಡುಬಿಟ್ಟಿತ್ತು. ನಮಗೆ ಅದು ಹೊಂದಲಿಲ್ಲ.

ಡಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರಗಳನ್ನು ಕೊಡುವ ಪದ್ಧತಿಯೂ ಈಗ ನಮ್ಮ ದೇಶದಲ್ಲಿ ಉಂಟು. ಭಾರತ್ ಎನ್‌ಕ್ಯಾಪ್ ಎಂಬ ಈ ವ್ಯವಸ್ಥೆ 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ನಕ್ಷತ್ರಗಳನ್ನು ಅವಶ್ಯವಾಗಿ ನೋಡಬೇಕು. ಆದರೆ ಒಂದು ಸಂಗತಿಯನ್ನು ತಿಳಿದು ನೋಡಬೇಕು. ಎದುರಿನ ಡಿಕ್ಕಿಯ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳನ್ನು ಕೂರಿಸುವುದು ಮುಂದಣ ಎರಡು ಆಸನಗಳಲ್ಲಿ. ಹಿಂದೆ ಕೂರಿಸುವುದು ಮಕ್ಕಳ ಬೊಂಬೆಗಳನ್ನು, ಅದೂ ಮಕ್ಕಳ ಆಸನಗಳಲ್ಲಿ ಬಿಗಿದು. ಹಿಂದೆ ಕುಳಿತ ಅಜ್ಜಿಯ ಲೆಕ್ಕವನ್ನು ಅಲ್ಲಿ ಯಾರೂ ಬರೆದಿಲ್ಲ. ಆ ಲೆಕ್ಕ ಮನೆಯವರದು.

ಬೆಲೆಯ ವಿಚಾರವನ್ನು ಬೇಗ ಮುಗಿಸುತ್ತೇವೆ. ಷೋರೂಮಿನ ಗೋಡೆಯ ಮೇಲಿರುವ ಬೆಲೆಗೂ ಕಾರು ಮನೆಗೆ ಬರುವ ಬೆಲೆಗೂ ದೂರ ಬಹಳ. ನಮ್ಮ ರಾಜ್ಯದಲ್ಲಿ ಆಗ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ನೂರಕ್ಕೆ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ 17. ಆ ತೆರಿಗೆಯ ಮೇಲೆ ಸೆಸ್ಸು ಬೇರೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆಯನ್ನು ಮೊದಲೇ ಕಟ್ಟಬೇಕೆಂದಾಯಿತು. ವಿಮೆಯನ್ನು ಷೋರೂಮಿನವರ ಮೂಲಕವೇ ಮಾಡಿಸಬೇಕೆಂಬ ನಿರ್ಬಂಧವಿಲ್ಲ. ಹೊರಗೆ ವಿಚಾರಿಸಿದರೆ ಅವರ ದರವೂ ಇಳಿಯುತ್ತದೆ. ಹಣ ಪೂರ್ತಿ ಕೊಡುವ ಮೊದಲು ಗಾಡಿಯನ್ನು ಹಗಲು ಬೆಳಕಿನಲ್ಲಿ ಕಂಡು, ತಯಾರಾದ ತಿಂಗಳನ್ನು ಕೇಳಿ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನು ಓದಬೇಕು. 3523 ಎಂದಿದ್ದರೆ ಅದು 2023ರ ಮೂವತ್ತೈದನೆಯ ವಾರದ ಟೈರು. ವರ್ಷದ ಕೊನೆಯ ರಿಯಾಯಿತಿಗಳ ಕಾಲದಲ್ಲಿ ಈ ಎಚ್ಚರ ಹೆಚ್ಚು ಬೇಕು.

ನಾವು ಇಷ್ಟೆಲ್ಲ ನೋಡಿಯೂ ಒಂದು ಕಡೆ ಎಡವಿದೆವು. ಮಾರಿದವರು ಉಡುಗೊರೆಯೆಂದು ಆಸನಗಳಿಗೆ ದಪ್ಪನೆಯ ಗವಸುಗಳನ್ನು ಹೊದಿಸಿಕೊಟ್ಟರು. ಬಣ್ಣ ಚೆನ್ನಾಗಿತ್ತು, ಧೂಳು ಹಿಡಿಯದೆಂದು ಸಂತೋಷಪಟ್ಟೆವು. ಹಿಂದಣ ಆಸನದ ಬೆಲ್ಟುಗಳನ್ನು ಸಿಕ್ಕಿಸುವ ಕೊಂಡಿಗಳು ಆ ಗವಸಿನ ಅಡಿಯಲ್ಲಿ ಹೂತುಹೋಗಿದ್ದವು. ಹೊದಿಸಿದವರು ಅದನ್ನು ಹೇಳಲಿಲ್ಲ. ನಾವೂ ಎಂಟು ತಿಂಗಳು ಅದನ್ನು ಗಮನಿಸಲಿಲ್ಲ. ಹಿಂದೆ ಕುಳಿತವರು ಬೆಲ್ಟು ಕಟ್ಟುವುದು ನಮ್ಮ ಸಂಸಾರದಲ್ಲಿ ರೂಢಿಯೇ ಇರಲಿಲ್ಲವಾದ್ದರಿಂದ ಹುಡುಕುವ ಪ್ರಸಂಗವೂ ಬರಲಿಲ್ಲ.

ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 119 ಕಿಲೋಮೀಟರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳು ಪಕ್ಕಕ್ಕೆ ಸರಿದವು. ವಡೆಯ ವಾಸನೆ ಮೂಗಿಗೆ ಬರುವ ಮೊದಲೇ ಮದ್ದೂರು ಹಿಂದಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವೆಂದಾಯಿತು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ. ರಸ್ತೆ ನುಣುಪಾದಷ್ಟೂ ವೇಗ ಮೈಗೆ ತಿಳಿಯುವುದಿಲ್ಲ. ಅಪಾಯದ ಬೀಜ ಅಲ್ಲೇ ಇದೆ.

2024ರ ಮಳೆಗಾಲದ ಒಂದು ಸಂಜೆ ಬೆಂಗಳೂರಿನಿಂದ ಹಿಂದಿರುಗುತ್ತಿದ್ದೆವು. ಮುಂದೆ ನಾವೂ ಮಗನೂ. ಹಿಂದೆ ತಾಯಿಯವರು ಮನೆಯಾಕೆಯ ಭುಜಕ್ಕೆ ತಲೆ ಆನಿಸಿ ನಿದ್ದೆಹೋಗಿದ್ದರು. ಮದ್ದೂರು ದಾಟಿ ಸ್ವಲ್ಪ ದೂರ ಬಂದಾಗ ಜಡಿಮಳೆ ಹಿಡಿಯಿತು. ಮುಂದಿನ ಲಾರಿ ಏಕಾಏಕಿ ನಿಂತದ್ದು ಮಳೆಯ ತೆರೆಯೊಳಗಿಂದ ತಡವಾಗಿ ಕಂಡಿತು. ಬ್ರೇಕನ್ನು ಬಲವಾಗಿ ತುಳಿದೆವು. ಕಾಲಿನಡಿಯಲ್ಲಿ ಪೆಡಲು ಗಡಗಡನೆ ನಡುಗಿತು. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಎಬಿಎಸ್ ಎಂಬ ಸಾಧನದ ಕೆಲಸ ಅದು. ಚಕ್ರಗಳು ಬಿಗಿದು ಜಾರದಂತೆ ಬ್ರೇಕನ್ನು ಕ್ಷಣಕ್ಕೆ ಹಲವು ಸಲ ಹಿಡಿದು ಬಿಡುತ್ತದೆ. ಆ ನಡುಕಕ್ಕೆ ಹೆದರಿ ಕಾಲು ತೆಗೆಯಬಾರದು. ಕಾರು ಲಾರಿಗೆ ಒಂದು ಮಾರು ದೂರದಲ್ಲಿ ನಿಂತಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ನಿಟ್ಟುಸಿರು ಬಿಟ್ಟು ಹಿಂದಿರುಗಿ ನೋಡಿದರೆ ತಾಯಿಯವರು ಪೀಠದ ಮೇಲೆ ಇರಲಿಲ್ಲ. ಎರಡು ಆಸನಗಳ ನಡುವಣ ಸಂದಿಯಲ್ಲಿ ಬಿದ್ದಿದ್ದರು. ಹಣೆ ಊದಿತ್ತು. ಊರಿದ ಎಡಗೈಯ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತ್ತು. ಆರು ವಾರ ಕೈಗೆ ಪ್ಲಾಸ್ಟರು.

ಆ ರಾತ್ರಿ ಅವರು ಯಾರನ್ನೂ ದೂರಲಿಲ್ಲ. "ಮುಂದೆ ಕೂತವರಿಗೆ ಪಟ್ಟಿ ಇತ್ತಲ್ಲ, ಹಿಂದೆ ಕೂತವರಿಗೆ ಇರುವುದಿಲ್ಲವೇನಪ್ಪಾ?" ಎಂದು ಸುಮ್ಮನೆ ಕೇಳಿದರು. ನಾವು ಉತ್ತರ ಹೇಳದೆ ಟಾರ್ಚು ಹಿಡಿದು ಷೆಡ್ಡಿಗೆ ಹೋಗಿ ಗವಸನ್ನು ಕಿತ್ತು ನೋಡಿದೆವು. ಮೂರು ಕೊಂಡಿಗಳೂ ಹೊಸದಾಗಿ ಹೊಳೆಯುತ್ತಿದ್ದವು.

ಈಗ ಇದರ ಲೆಕ್ಕವನ್ನು ವಿವರಿಸುತ್ತೇವೆ. ಕಾರು ಓಡುವಾಗ ಒಳಗಿನವರ ದೇಹವೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಕಾರು ನಿಂತರೆ ದೇಹ ನಿಲ್ಲುವುದಿಲ್ಲ. ಯಾವುದಾದರೂ ತಡೆಯುವವರೆಗೂ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ತಡೆಯುವುದು ಬೆಲ್ಟಾದರೆ ಸರಿ. ಇಲ್ಲವಾದರೆ ಮುಂದಣ ಆಸನ, ಅಥವಾ ಅದರಲ್ಲಿ ಕುಳಿತವರ ಬೆನ್ನು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಎದುರಿಗೆ ಬಡಿಯುವ ಹೊಡೆತ, ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಹೊಡೆತಕ್ಕೆ ಸಮ. ತಾರಸಿಯ ಅಂಚಿನಲ್ಲಿ ಅಜ್ಜಿಯನ್ನು ಕೂರಿಸುವವರುಂಟೆ? ಗಾಳಿಚೀಲಗಳಿವೆಯಲ್ಲ ಎನ್ನುವವರಿದ್ದಾರೆ. ಚೀಲವು ಬೆಲ್ಟಿಗೆ ಸಹಾಯಕ, ಬದಲಿಯಲ್ಲ. ಪೀಠದ ಪಕ್ಕದಿಂದ ಚೀಲ ಹೊರಡುವ ಕಾರುಗಳಲ್ಲಂತೂ ದಪ್ಪ ಗವಸು ಅದಕ್ಕೂ ಅಡ್ಡಿಯಾದೀತು. ಹಿಂದೆ ಕುಳಿತವರೂ ಬೆಲ್ಟು ಕಟ್ಟಬೇಕೆಂಬುದು ನಿಯಮ. ಕಟ್ಟದಿದ್ದರೆ 2019ರ ತಿದ್ದುಪಡಿಯಂತೆ 1,000 ರೂಪಾಯಿ ದಂಡ. ನಮಗೆ ದಂಡ ಬಿದ್ದಿದ್ದರೆ ಒಳ್ಳೆಯದಾಗುತ್ತಿತ್ತು; ಅಗ್ಗದಲ್ಲಿ ಬುದ್ಧಿ ಬರುತ್ತಿತ್ತು.

ನಿಲ್ಲುವ ದೂರದ ಲೆಕ್ಕವೂ ಹೀಗೆಯೇ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವವನು ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 14 ಮೀಟರು ಮುಂದೆ ಹೋಗಿರುತ್ತಾನೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 14 ಮೀಟರು ಬೇಕು. ಒಟ್ಟು 28. ವೇಗ 100 ಆದರೆ ಮೊದಲಿನದು 28 ಮೀಟರು, ಎರಡನೆಯದು 55, ಒಟ್ಟು 83. ಮಳೆಯಲ್ಲಿ ಇದು ಇನ್ನೂ ಬೆಳೆಯುತ್ತದೆ. ಆ ಸಂಜೆ ನಾವು ಮಿತಿಯೊಳಗೇ ಇದ್ದೆವು. ಮಿತಿಯನ್ನು ಬರೆದಿರುವುದು ಒಳ್ಳೆಯ ಹವೆಗೆ ಎಂಬುದನ್ನು ಮಾತ್ರ ಮರೆತಿದ್ದೆವು.

ಅಂದಿನಿಂದ ನಮ್ಮ ಚಾಲನೆಯ ಕ್ರಮ ಬದಲಾಯಿತು. ಹೊರಡುವ ಮೊದಲು ಹಿಂದಿರುಗಿ ಕೊಂಡಿಗಳ ಟಕ್ಕೆಂಬ ಶಬ್ದವನ್ನು ಎಣಿಸುತ್ತೇವೆ. ಬೆಲ್ಟು ಕುತ್ತಿಗೆಗೆ ಉಜ್ಜುವುದೆಂದು ತಾಯಿಯವರು ಮೊದಲು ಬೇಸರಪಟ್ಟರು. ಬೆನ್ನಿಗೆ ತೆಳ್ಳಗಿನ ದಿಂಬನ್ನು ಇಡುತ್ತಿದ್ದುದನ್ನು ತೆಗೆದು ನೆಟ್ಟಗೆ ಕೂರಿಸಿ, ಪಟ್ಟಿ ಭುಜದ ನಡುವೆಯೂ ಸೊಂಟದ ಮೂಳೆಯ ಮೇಲೂ ಬರುವಂತೆ ಮಾಡಿದ ಮೇಲೆ ಒಗ್ಗಿತು. ಐದು ಜನ ಕುಳಿತ ದಿನ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವಂತೆ ಹಿಂದಣ ಟೈರಿಗೆ ಗಾಳಿ ಹೆಚ್ಚಿಸುತ್ತೇವೆ. ರಸ್ತೆಯ ಉಬ್ಬುಗಳು ಸೆಡಾನಿಗೆ ಶತ್ರುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರದಂತೆ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿರಬೇಕು. ನಮ್ಮ ಬೀದಿಗಳಲ್ಲಿ ಕಾಣುವುದು ಹೊಲದ ಬದುವಿನಂಥವು. ಅವನ್ನು ನಿಧಾನವಾಗಿ, ಸ್ಥಳವಿದ್ದರೆ ಓರೆಯಾಗಿ ದಾಟಿದರೆ ಕಾರಿನ ಹೊಟ್ಟೆಯೂ ಉಳಿಯುತ್ತದೆ, ಹಿಂದೆ ಕುಳಿತವರ ಬೆನ್ನೂ ಉಳಿಯುತ್ತದೆ. ನಿಲ್ಲಿಸುವಾಗ ಕೊನೆಯ ಗಳಿಗೆಯಲ್ಲಿ ಬ್ರೇಕನ್ನು ಸ್ವಲ್ಪ ಸಡಿಲಿಸಿದರೆ ಕುಲುಕಾಟವಿಲ್ಲ. ಹಿಂದಣ ಆಸನದಲ್ಲಿ ತುಂಬಿದ ಕೊಡವಿದೆ, ಅದು ತುಳುಕಬಾರದು ಎಂದು ಭಾವಿಸಿಕೊಂಡು ನಡೆಸುವುದೇ ಇದರ ಸಾರ. ಹೀಗೆ ನಡೆಸಿದರೆ ಪೆಟ್ರೋಲೂ ಉಳಿಯುತ್ತದೆಂಬುದು ನಮಗೆ ಆಮೇಲೆ ತಿಳಿದ ಲಾಭ.

ಒಟ್ಟಿನಲ್ಲಿ ನಮ್ಮ ಅನುಭವದ ಮಾತು ಇಷ್ಟೆ. ಕಾರನ್ನು ಮುಂದಣ ಆಸನದಲ್ಲಿ ಕುಳಿತು ಮೆಚ್ಚುತ್ತೇವೆ. ಹಿಂದಣ ಆಸನದಲ್ಲಿ ಕುಳಿತು ಕೊಳ್ಳಬೇಕು. ಹಿಂದಣ ಆಸನವನ್ನು ಮನಸ್ಸಿನಲ್ಲಿಟ್ಟು ನಡೆಸಬೇಕು. ಸೆಡಾನಿನ ಹುಟ್ಟು ಮೇನೆಯಲ್ಲಿ ಎಂದು ಮೊದಲೇ ಹೇಳಿದೆವು. ಮೇನೆಯ ಹೊರೆ ಬೋಯಿಗಳ ಹೆಗಲಿನ ಮೇಲಿರುತ್ತಿತ್ತಾದ್ದರಿಂದ ಒಳಗೆ ಕುಳಿತವರನ್ನು ಅವರು ಮರೆಯುವಂತಿರಲಿಲ್ಲ. ನಮ್ಮ ಹೆಗಲಿನ ಮೇಲೆ ಈಗ ಕೋಲಿಲ್ಲ, ಆದುದರಿಂದಲೇ ಮರೆಯುತ್ತೇವೆ. ಕೈ ಕೂಡಿದ ಮೇಲೆ ತಾಯಿಯವರು ಮತ್ತೆ ನಮ್ಮ ಕಾರಿನಲ್ಲಿ ಬೆಂಗಳೂರಿಗೆ ಬಂದರು. ಬಾಗಿಲು ಹಾಕಿದ ಮೇಲೆ ತಮ್ಮ ಬೆಲ್ಟನ್ನು ತಾವೇ ಸಿಕ್ಕಿಸಿಕೊಂಡು, ಪಕ್ಕದಲ್ಲಿದ್ದ ಸೊಸೆಯ ಬೆಲ್ಟನ್ನೂ ಎಳೆದು ನೋಡಿ, "ಇನ್ನು ಹೊರಡಪ್ಪ" ಎಂದರು. ಆ ಅಪ್ಪಣೆ ಆಗದೆ ಈಗ ನಮ್ಮ ಮನೆಯ ಕಾರು ಹೊರಡುವುದಿಲ್ಲ.